ಚಳಿಗಾಲದ ರಜೆಗೆ ಯಾವ ಬೋರ್ಡ್ ಗೇಮ್ ಪತ್ರಿಕೆ ತರಿಸಿಕೊಳ್ಳುವುದು?

ಬೋರ್ಡ್ ಗೇಮ್‌ಗಳಿಗೆಂದೇ ಪತ್ರಿಕೆಗಳು ಬರುತ್ತವೆ ಅಂದರೆ ಎಷ್ಟೋ ಜನಕ್ಕೆ ಆಶ್ಚರ್ಯ. ಎಲ್ಲ ಆಟದ ವಿಮರ್ಶೆಯೂ ವಿಡಿಯೊದಲ್ಲಿ ಸಿಗುವಾಗ ಕಾಗದ ಯಾಕೆ ಅಂತ ಕೇಳುತ್ತಾರೆ. ವಿಡಿಯೊ ನೋಡುವವರಿಗೆ ಆಟದ ಹೆಸರು ಮೊದಲೇ ಗೊತ್ತಿರುತ್ತದೆ. ಅದನ್ನೇ ಹುಡುಕಿಕೊಂಡು ಹೋಗಿರುತ್ತಾರೆ. ಪತ್ರಿಕೆ ಹಾಗಲ್ಲ. ಪುಟ ತಿರುಗಿಸುತ್ತಾ ಇದ್ದ ಹಾಗೆ, ಕೇಳಿಯೇ ಇರದ ಒಂದು ಆಟ ಎದುರಾಗುತ್ತದೆ. ಚಿತ್ರ ನೋಡಿ ನಿಲ್ಲುತ್ತೀರಿ, ಓದುತ್ತೀರಿ, ಪಕ್ಕದಲ್ಲಿದ್ದವರಿಗೂ ತೋರಿಸುತ್ತೀರಿ. ಚಳಿಗಾಲದ ರಜೆಯಲ್ಲಿ ಬೆಚ್ಚಗೆ ಹೊದ್ದು ಕೂತು, ಯಾವ ಆತುರವೂ ಇಲ್ಲದೆ ಹೀಗೆ ಪುಟ ತಿರುಗಿಸುವ ಸುಖವೇ ಬೇರೆ.

ಆದರೆ ಈ ಪತ್ರಿಕೆಗಳು ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ಓದುವುದಕ್ಕೆ, ಕೆಲವು ಆಡುವುದಕ್ಕೆ, ಇನ್ನು ಕೆಲವು ಕೈಗೆ ಕೆಲಸ ಕೊಡುವುದಕ್ಕೆ. ಬರೀ ಹೆಸರು ಕೇಳಿ ತರಿಸಿಕೊಂಡರೆ ರಜೆ ಮುಗಿದರೂ ಅದು ಮೇಜಿನ ಮೇಲೆ ಹಾಗೇ ಬಿದ್ದಿರುತ್ತದೆ. ಹಾಗಾಗಿ ಯಾವುದು ಎಲ್ಲಕ್ಕಿಂತ ಒಳ್ಳೆಯದು ಅನ್ನುವ ಪ್ರಶ್ನೆ ನನಗೆ ಮುಖ್ಯ ಅಲ್ಲ. ಕೊನೆಯ ಪುಟ ಮುಗಿದ ಮೇಲೆ ನಿಮಗೆ ಏನು ಮಾಡಬೇಕು ಅನ್ನಿಸಬೇಕು? ಆಗ ನಿಮ್ಮ ಜೊತೆ ಯಾರಿರುತ್ತಾರೆ? ಈ ಎರಡು ಪ್ರಶ್ನೆ ಇಟ್ಟುಕೊಂಡೇ ಕೆಳಗಿನ ಹೋಲಿಕೆ ಮಾಡಿದ್ದೇನೆ.

ವರ್ಷದ ಕೊನೆಯ ಸಂಚಿಕೆಗಳ ಬಲ

ಜರ್ಮನಿಯ ಎಸ್ಸೆನ್ ನಗರದಲ್ಲಿ ಪ್ರತಿ ಅಕ್ಟೋಬರ್ ಸುಮಾರಿಗೆ ‘ಶ್ಪೀಲ್’ ಅನ್ನುವ ದೊಡ್ಡ ಆಟಗಳ ಮೇಳ ನಡೆಯುತ್ತದೆ. 1983ರಿಂದ ನಡೆದುಬಂದಿರುವ ಮೇಳ ಇದು. ಪ್ರಕಾಶಕರು ತಮ್ಮ ಹೊಸ ಆಟಗಳನ್ನು ಈ ಹೊತ್ತಿಗೇ ಸಿದ್ಧ ಮಾಡಿಕೊಂಡು ಬರುತ್ತಾರೆ. ವಿಮರ್ಶಕರು ಆ ಆಟಗಳನ್ನು ಮನೆಗೆ ಒಯ್ಯಬೇಕು, ಬೇರೆ ಬೇರೆ ಜನರ ಜೊತೆ ನಾಲ್ಕಾರು ಸಲ ಆಡಬೇಕು, ಆಮೇಲೆ ಬರೆಯಬೇಕು. ಅದು ಅಚ್ಚಾಗಿ ಕೈಗೆ ಬರುವಾಗ ಡಿಸೆಂಬರ್ ಅಥವಾ ಜನವರಿ ಆಗಿರುತ್ತದೆ. ಅಂದರೆ ಆ ವರ್ಷದ ಒಳ್ಳೆಯ ಫಸಲು ಸರಿಯಾಗಿ ರಜೆಯ ಹೊತ್ತಿಗೇ ಪುಟಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಪತ್ರಿಕೆ ತಡ ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಆ ತಡದಲ್ಲೇ ಲಾಭ ಇದೆ. ಮೇಳದ ದಿನ ಎಲ್ಲರೂ ಹೊಗಳಿದ ಆಟ ಮೂರನೇ ಸಲ ಆಡುವಾಗ ಸಪ್ಪೆ ಅನ್ನಿಸಬಹುದು. ಮೊದಲ ಸಲ ತಲೆನೋವು ಅನ್ನಿಸಿದ್ದು ಆಮೇಲೆ ಮನಸ್ಸಿಗೆ ಹತ್ತಬಹುದು. ನಿಧಾನವಾಗಿ ಬರೆದ ವಿಮರ್ಶೆಯಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಹೊಸ ಆಟಗಳ ಮೇಲೆ ಕಣ್ಣಿದ್ದರೆ ಬೇಸಿಗೆಯ ಸಂಚಿಕೆಗಿಂತ ಈ ಸಂಚಿಕೆಯನ್ನೇ ಆರಿಸಿಕೊಳ್ಳಿ.

ಸೆನೆಟ್ ಮತ್ತು ಟೇಬಲ್‌ಟಾಪ್ ಗೇಮಿಂಗ್

ಸಾಮಾನ್ಯ ಓದುಗರು ಹೆಚ್ಚಾಗಿ ಆಯ್ಕೆ ಮಾಡಬೇಕಾಗಿ ಬರುವುದು ಈ ಎರಡರ ನಡುವೆ. ಎರಡೂ ಬ್ರಿಟನ್ನಿನವು. ಎರಡೂ ಯಾವುದೋ ಒಂದು ಆಟಕ್ಕೆ ಕಟ್ಟುಬಿದ್ದಿಲ್ಲ. ಅಲ್ಲಿಗೆ ಹೋಲಿಕೆ ಮುಗಿಯಿತು.

‘ಟೇಬಲ್‌ಟಾಪ್ ಗೇಮಿಂಗ್’ ಶುರುವಾಗಿದ್ದು 2015ರಲ್ಲಿ. ವಾರ್ನರ್ಸ್ ಗ್ರೂಪ್ ಪ್ರಕಟಿಸಿದ ಇದು ಮಾಸಪತ್ರಿಕೆಯಾಗಿ ಬೆಳೆಯಿತು. ಬೋರ್ಡ್ ಗೇಮ್, ಕಾರ್ಡ್ ಆಟ, ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ರೋಲ್‌ಪ್ಲೇಯಿಂಗ್, ಮಿನಿಯೇಚರ್ ಗೊಂಬೆಗಳ ಯುದ್ಧದಾಟ, ಎಲ್ಲಕ್ಕೂ ಇದರಲ್ಲಿ ಜಾಗ ಇದೆ. ವಿಮರ್ಶೆಗಳು ಜಾಸ್ತಿ, ಒಂದೊಂದೂ ಚಿಕ್ಕದು. ಒಂದು ವಿಮರ್ಶೆ ಓದಿ ಕೆಳಗಿಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ಎತ್ತಿಕೊಂಡರೂ ಎಳೆ ತಪ್ಪುವುದಿಲ್ಲ. ಮನೆ ತುಂಬ ಜನ ಇದ್ದು, ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಕರೆಯುತ್ತಾ ಇದ್ದರೆ ಇಂಥದ್ದೇ ಬೇಕು. ಮುಂದೆ ಯಾವ ಆಟ ತಗೊಳ್ಳೋಣ ಅಂತ ನಾಲ್ಕು ಜನ ಕೂತು ಚರ್ಚೆ ಮಾಡುವವರಿಗೂ ಇದೇ ಸರಿ. ಎಷ್ಟು ಜನ ಆಡಬಹುದು, ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ವಯಸ್ಸಿನವರಿಗೆ ಹೊಂದುತ್ತದೆ, ಈ ವಿವರಗಳು ಬೇಗ ಕಣ್ಣಿಗೆ ಬೀಳುತ್ತವೆ.

‘ಸೆನೆಟ್’ ಹುಟ್ಟಿದ್ದು 2020ರಲ್ಲಿ. ಸಿನಿಮಾ ಪತ್ರಕರ್ತ ಡ್ಯಾನ್ ಜೋಲಿನ್ ಮತ್ತು ಜೇಮ್ಸ್ ಹಂಟರ್ ಸೇರಿ ಕಟ್ಟಿದ ಸ್ವತಂತ್ರ ಪತ್ರಿಕೆ. ಹಿಂದೆ ದೊಡ್ಡ ಪ್ರಕಾಶನ ಇಲ್ಲ. ವರ್ಷಕ್ಕೆ ಕೆಲವೇ ಸಂಚಿಕೆ ಬರುತ್ತವೆ. ಪುರಾತನ ಈಜಿಪ್ಟಿನ ಆಟದ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಸಾಲಿಗೆ 10ರಂತೆ ಮೂರು ಸಾಲು, ಒಟ್ಟು 30 ಮನೆಗಳ ಹಲಗೆಯ ಆಟ ಅದು. ಟುಟಂಖಾಮುನ್ ಸಮಾಧಿಯಲ್ಲೂ ಅಂಥ ಹಲಗೆಗಳು ಸಿಕ್ಕಿವೆ. ಆದರೆ ಅದನ್ನು ಆಗ ಹೇಗೆ ಆಡುತ್ತಿದ್ದರು ಅನ್ನುವ ಪೂರ್ತಿ ನಿಯಮ ಯಾರಿಗೂ ಸಿಕ್ಕಿಲ್ಲ. ಹಲಗೆ ಉಳಿದಿದೆ, ಆಟ ಕಳೆದುಹೋಗಿದೆ. ಆಟಗಳ ಬಗ್ಗೆ ಬರೆದಿಡುವ ಪತ್ರಿಕೆಗೆ ಇದಕ್ಕಿಂತ ಹೊಂದುವ ಹೆಸರು ನನಗೆ ತೋಚುವುದಿಲ್ಲ.

ಸೆನೆಟ್ ಕೇಳುವ ಪ್ರಶ್ನೆಗಳೇ ಬೇರೆ. ಈ ಆಟದ ಚಿತ್ರಗಳನ್ನು ಬರೆದವರು ಯಾರು? ಅವರು ಈ ಬಣ್ಣಗಳನ್ನೇ ಯಾಕೆ ಹಿಡಿದರು? ಒಂದೇ ಕಥಾವಸ್ತು ಬೇರೆ ಬೇರೆ ಆಟಗಳಲ್ಲಿ ಹೇಗೆ ಬಂದಿದೆ? ಹೀಗೆ ಆಟವನ್ನು ಒಂದು ಕಲೆಯಾಗಿ ನೋಡುವ ಲೇಖನಗಳೇ ಇದರ ಜೀವ. ಚಿತ್ರಗಳಿಗೆ ಧಾರಾಳವಾಗಿ ಜಾಗ ಕೊಡುತ್ತಾರೆ. ವಿಮರ್ಶೆಗಳೂ ಇವೆ, ಆದರೆ ಅವುಗಳಿಗಾಗಿಯೇ ಇದನ್ನು ತರಿಸಿಕೊಂಡರೆ ಕಮ್ಮಿ ಆಯಿತು ಅನ್ನಿಸುತ್ತದೆ. ಒಂದು ಸಂಜೆ ಪೂರ್ತಿ ನಿಮ್ಮದೇ ಆಗಿರಬೇಕು, ಸುತ್ತ ಸ್ವಲ್ಪ ಮೌನ ಇರಬೇಕು. ಆಗ ಸೆನೆಟ್ ಓದಿ.

ಇನ್ನೊಂದು ವ್ಯತ್ಯಾಸ ಇದೆ, ನನ್ನ ಮಟ್ಟಿಗೆ ಅದು ದೊಡ್ಡದು. ಬೋರ್ಡ್ ಗೇಮ್ ಆಡದವರ ಕೈಗೆ ಟೇಬಲ್‌ಟಾಪ್ ಗೇಮಿಂಗ್ ಕೊಟ್ಟರೆ ಅರ್ಧ ಪುಟದಲ್ಲೇ ಕೆಳಗಿಡುತ್ತಾರೆ. ವರ್ಕರ್ ಪ್ಲೇಸ್‌ಮೆಂಟ್, ಡೆಕ್ ಬಿಲ್ಡಿಂಗ್ ಅನ್ನುವ ಮಾತುಗಳು ಅವರಿಗೆ ಗೋಡೆ ಆಗುತ್ತವೆ. ಸೆನೆಟ್ ಅನ್ನು ಚಿತ್ರಕಲೆ ಇಷ್ಟಪಡುವವರು, ವಿನ್ಯಾಸದ ಕೆಲಸ ಮಾಡುವವರು, ಕಥೆ ಓದುವವರು ಯಾರು ಬೇಕಾದರೂ ತಿರುವಿ ನೋಡಬಹುದು. ಮನೆಯಲ್ಲಿ ನಿಮಗೊಬ್ಬರಿಗೇ ಆಟದ ಹುಚ್ಚು ಇದ್ದು, ಉಳಿದವರಿಗೆ ಅದೇನೆಂದು ಅರ್ಥವಾಗದೇ ಇದ್ದರೆ, ಮೇಜಿನ ಮೇಲೆ ಬಿಟ್ಟಿರಬೇಕಾದದ್ದು ಇದನ್ನೇ. ಚಿತ್ರ ನೋಡಿ ಯಾರಾದರೂ ‘ಇದನ್ನ ಹೇಗೆ ಆಡೋದು?’ ಅಂತ ಕೇಳಿದರೆ ಸಾಕು, ಕೂಡಲೇ ಪೆಟ್ಟಿಗೆ ತೆಗೆಯಿರಿ.

ಎರಡರಲ್ಲಿ ಒಂದನ್ನೇ ಆರಿಸಬೇಕು ಅಂದರೆ ನಾನು ರಜೆಗೆ ಸೆನೆಟ್ ಹಿಡಿಯುತ್ತೇನೆ. ವರ್ಷಪೂರ್ತಿ ಚಂದಾ ಕಟ್ಟುವ ಮಾತು ಬಂದರೆ, ಮತ್ತು ನಿಜವಾಗಿ ಆಟಗಳನ್ನು ಕೊಳ್ಳುವ ಅಭ್ಯಾಸ ಇದ್ದರೆ, ಟೇಬಲ್‌ಟಾಪ್ ಗೇಮಿಂಗ್ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಶ್ಪೀಲ್‌ಬಾಕ್ಸ್: ಆಟಗಳನ್ನು ಆಗಲೇ ಇಟ್ಟುಕೊಂಡಿರುವವರಿಗೆ

ಜರ್ಮನಿಯ ‘ಶ್ಪೀಲ್‌ಬಾಕ್ಸ್’ 1981ರಿಂದ ಬರುತ್ತಿದೆ. 2010ರಿಂದ ಇಂಗ್ಲಿಷ್ ಆವೃತ್ತಿಯೂ ಶುರುವಾಯಿತು. ಇದರ ವಿಮರ್ಶೆಗಳಿಗೆ ಒಂದು ಗಟ್ಟಿತನ ಇದೆ. ಮುಖ್ಯ ವಿಮರ್ಶೆ ಒಬ್ಬರು ಬರೆದರೂ, ಅದೇ ಆಟಕ್ಕೆ ಬೇರೆ ವಿಮರ್ಶಕರು 10ಕ್ಕೆ ಎಷ್ಟು ಅಂಕ ಕೊಟ್ಟರು ಅನ್ನುವುದನ್ನೂ ಪಕ್ಕದಲ್ಲಿ ಹಾಕುತ್ತಾರೆ. ಬರೆದವರು 8 ಕೊಟ್ಟಿರುತ್ತಾರೆ, ಇನ್ನೊಬ್ಬರು 5ರಲ್ಲಿ ನಿಂತಿರುತ್ತಾರೆ ಅಂದುಕೊಳ್ಳಿ. ಆ ಆಟ ಎಲ್ಲರಿಗೂ ಒಗ್ಗುವಂಥದ್ದಲ್ಲ ಅಂತ ಕೂಡಲೇ ಗೊತ್ತಾಗುತ್ತದೆ. ಕೆಲವು ಸಂಚಿಕೆ ಓದಿದ ಮೇಲೆ ಯಾವ ವಿಮರ್ಶಕರ ರುಚಿ ನಿಮ್ಮ ರುಚಿಗೆ ಹತ್ತಿರ ಅನ್ನುವುದೂ ಅಂದಾಜಾಗುತ್ತದೆ. ಒಬ್ಬರ ಮಾತನ್ನೇ ನಂಬಿ ಆಟ ಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ?

ಓದಲು ಇದು ಸ್ವಲ್ಪ ಬಿಗಿ. ನಿಯಮಗಳನ್ನು ಬಿಡಿಸಿ ಹೇಳುವ ಪ್ಯಾರಾಗಳು ಉದ್ದ ಇರುತ್ತವೆ. ಹೊದ್ದು ಮಲಗಿ ಓದುವುದಕ್ಕಿಂತ ಎದ್ದು ಕೂತು ಓದುವ ಪತ್ರಿಕೆ ಅನ್ನಬಹುದು.

ಆದರೆ ಇದನ್ನು ಜನ ಮುಗಿಬಿದ್ದು ಕೊಳ್ಳುವುದಕ್ಕೆ ಇನ್ನೊಂದು ಕಾರಣ ಇದೆ. ಸಂಚಿಕೆಯ ಜೊತೆ ಆಗಾಗ ಯಾವುದಾದರೂ ಜನಪ್ರಿಯ ಆಟಕ್ಕೆ ಸೇರುವ ಪುಟ್ಟ ಎಕ್ಸ್‌ಪಾನ್ಶನ್ ಬರುತ್ತದೆ. ಕೆಲವು ಕಾರ್ಡ್, ಕೆಲವು ರಟ್ಟಿನ ಬಿಲ್ಲೆ, ಅಷ್ಟೇ. ಕಾರ್ಕಸೋನ್ ಆಟಕ್ಕೆ 2004ರಲ್ಲಿ ‘ಕ್ಯಾಥರ್ಸ್’ ಅನ್ನುವ ಎಕ್ಸ್‌ಪಾನ್ಶನ್ ಬಂದಿದ್ದು ಈ ಪತ್ರಿಕೆಯ ಮೂಲಕವೇ. ರಜೆಯಲ್ಲಿ ಇದರ ಮಜಾ ಬೇರೆ. ವರ್ಷಗಟ್ಟಲೆ ಆಡಿ ಹಳೆಯದಾದ ಆಟಕ್ಕೆ ಒಂದು ಹೊಸ ತಿರುವು ಸಿಗುತ್ತದೆ. ಹೊಸದಾಗಿ ಕಲಿಯುವುದು ಬರೀ ಒಂದು ಪುಟದಷ್ಟು. ನಿಯಮ ಗೊತ್ತಿರುವವರೇ ಸುತ್ತ ಇರುತ್ತಾರೆ, ಐದು ನಿಮಿಷದಲ್ಲಿ ಆಟ ಶುರು.

ಒಂದು ಎಚ್ಚರಿಕೆ. ಮೂಲ ಆಟ ನಿಮ್ಮ ಹತ್ತಿರ ಇಲ್ಲದೇ ಇದ್ದರೆ ಆ ಬಿಲ್ಲೆಗಳಿಂದ ಏನೂ ಉಪಯೋಗ ಇಲ್ಲ. ಸಂಚಿಕೆ ಆರಿಸುವ ಮುಂಚೆ ಜೊತೆಯಲ್ಲಿ ಬರುವುದು ಯಾವ ಆಟಕ್ಕೆ ಅಂತ ನೋಡಿ. ಹಳೆಯ ಸಂಚಿಕೆಯನ್ನು ಬೇರೆಯವರಿಂದ ಕೊಳ್ಳುವಾಗ ಎಕ್ಸ್‌ಪಾನ್ಶನ್ ಇನ್ನೂ ಒಳಗೇ ಇದೆಯಾ ಅಂತ ಕೇಳಿ. ಎಷ್ಟೋ ಸಲ ಅದನ್ನು ತೆಗೆದುಕೊಂಡು ಪತ್ರಿಕೆ ಮಾತ್ರ ಮಾರುತ್ತಾರೆ. ಪಿಡಿಎಫ್ ಆವೃತ್ತಿ ಕೊಂಡರೆ ಓದುವುದಕ್ಕೆ ಸಿಗುತ್ತದೆ, ಕೈಗೆ ಬಿಲ್ಲೆ ಬರುವುದಿಲ್ಲ. ಎಕ್ಸ್‌ಪಾನ್ಶನ್‌ಗೆ ಆಸೆಪಟ್ಟು ತಗೊಳ್ಳುವವರು ಅಚ್ಚಾದ ಪ್ರತಿಯನ್ನೇ ತರಿಸಬೇಕು.

ಆಟವೇ ಒಳಗಿರುವ ಪತ್ರಿಕೆಗಳು

ಪುಟ್ಟ ಎಕ್ಸ್‌ಪಾನ್ಶನ್ ಸಾಲದು, ಇಡೀ ಆಟವೇ ಬೇಕು ಅನ್ನುವವರಿಗೂ ಪತ್ರಿಕೆಗಳಿವೆ. ಅಮೆರಿಕದ ‘ಸ್ಟ್ರ್ಯಾಟಜಿ ಅಂಡ್ ಟ್ಯಾಕ್ಟಿಕ್ಸ್’ ಇವುಗಳಲ್ಲಿ ಹಿರಿಯದು. ಶುರುವಾಗಿದ್ದು 1967ರಲ್ಲಿ. 1969ರಲ್ಲಿ ಆಟಗಳ ವಿನ್ಯಾಸಕ ಜಿಮ್ ಡನಿಗನ್ ಇದನ್ನು ಕೈಗೆತ್ತಿಕೊಂಡ ಮೇಲೆ ಪ್ರತಿ ಸಂಚಿಕೆಯ ಜೊತೆಗೂ ಒಂದು ಪೂರ್ತಿ ಯುದ್ಧದಾಟ ಕೊಡುವ ಪದ್ಧತಿ ಬಂತು. ಇತಿಹಾಸದ ಒಂದು ಯುದ್ಧದ ಮೇಲೆ ದೊಡ್ಡ ಲೇಖನ, ಅದೇ ಯುದ್ಧದ ನಕ್ಷೆ, ರಟ್ಟಿನ ನೂರಾರು ಪುಟ್ಟ ಚೌಕಗಳು, ನಿಯಮಗಳ ಪುಸ್ತಿಕೆ. ಮೊದಲು ಲೇಖನ ಓದುತ್ತೀರಿ. ಆಮೇಲೆ ಆ ಸೇನಾಪತಿಯ ಜಾಗದಲ್ಲಿ ನೀವೇ ಕೂತು, ಅವನು ಮಾಡಿದ್ದನ್ನು ಬಿಟ್ಟು ಬೇರೆ ಏನಾದರೂ ಮಾಡಬಹುದಿತ್ತಾ ಅಂತ ಪ್ರಯತ್ನಿಸುತ್ತೀರಿ. ಓದು ಮತ್ತು ಆಟ ಇಷ್ಟು ಹತ್ತಿರ ಬರುವುದು ಇಂಥ ಪತ್ರಿಕೆಗಳಲ್ಲಿ ಮಾತ್ರ.

ಫ್ರಾನ್ಸಿನ ‘ವೇ ವಿಕ್ಟಿಸ್’ 1995ರಲ್ಲಿ ಇದೇ ದಾರಿ ಹಿಡಿಯಿತು. ಪತ್ರಿಕೆ ಫ್ರೆಂಚ್ ಭಾಷೆಯಲ್ಲಿದೆ. ಭಾಷೆ ಬರದವರಿಗೆ ಲೇಖನಗಳು ದಕ್ಕುವುದಿಲ್ಲ, ಹಾಗಾಗಿ ಅರ್ಧ ಸುಖ ಹೋಯಿತು.

ಇವು ಬೆಚ್ಚನೆಯ ರಜೆಗೆ ಹೊಂದುತ್ತವೆಯೇ? ಅದು ಮನೆಯಲ್ಲಿ ಇರುವವರ ಮೇಲೆ ನಿಂತಿದೆ. ಇಂಥ ಆಟಗಳು ಹೆಚ್ಚಾಗಿ ಇಬ್ಬರಿಗೆ. ನಿಯಮ ಓದುವುದಕ್ಕೇ ಒಂದು ಸಂಜೆ ಬೇಕು. ನಕ್ಷೆ ಹಾಸಿದರೆ ಮೇಜು ತುಂಬುತ್ತದೆ, ಮತ್ತು ಆಟ ಮುಗಿಯುವವರೆಗೆ ಅದನ್ನು ಅಲುಗಿಸುವ ಹಾಗಿಲ್ಲ. ಊಟಕ್ಕೂ ಅದೇ ಮೇಜು ಬೇಕಾದ ಮನೆಯಲ್ಲಿ ಇದು ಕಷ್ಟ. ಪುಟ್ಟ ಮಕ್ಕಳು ಅಥವಾ ಬೆಕ್ಕು ಇದ್ದರಂತೂ ಅರ್ಧ ಇಂಚಿನ ಕಾಯಿಗಳು ಸಂಜೆಯೊಳಗೆ ಕಾಣೆಯಾಗುತ್ತವೆ. ಇನ್ನೊಂದು ಕಡೆ, ರಜೆಯನ್ನು ಒಬ್ಬರೇ ಕಳೆಯುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಅಪರೂಪ. ಎರಡೂ ಪಕ್ಷಗಳನ್ನು ಒಬ್ಬರೇ ಆಡುವವರು ಈ ಹವ್ಯಾಸದಲ್ಲಿ ಬಹಳ ಜನ ಇದ್ದಾರೆ. ಎದುರಾಳಿಗೆ ಮುಚ್ಚಿಡಬೇಕಾದ ಕಾರ್ಡ್‌ಗಳು ಇಲ್ಲದ ಆಟ ಆರಿಸಿಕೊಂಡರೆ ಏನೂ ತೊಂದರೆ ಇಲ್ಲ. ಕೂತಲ್ಲೇ ಒಂದು ಯುದ್ಧದ ಎರಡೂ ಕಡೆಯ ಕಷ್ಟ ಅರ್ಥವಾಗುತ್ತದೆ.

ಕೊಳ್ಳುವಾಗ ನೋಡಬೇಕಾದ ಒಂದು ಸಂಗತಿ ಇದೆ. ಸ್ಟ್ರ್ಯಾಟಜಿ ಅಂಡ್ ಟ್ಯಾಕ್ಟಿಕ್ಸ್‌ಗೆ ಆಟ ಇಲ್ಲದ, ಬರೀ ಪತ್ರಿಕೆಯ ಆವೃತ್ತಿಯೂ ಇದೆ. ಮುಖಪುಟ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆಟಕ್ಕಾಗಿ ಕೊಳ್ಳುವವರು ಆಟ ಸೇರಿದೆ ಅಂತ ಬರೆದಿದೆಯಾ ಅಂತ ಓದಿ, ಆಮೇಲೆ ದುಡ್ಡು ಕೊಡಿ.

ಕೈಗೆ ಕೆಲಸ ಬೇಕು ಅನ್ನುವವರಿಗೆ

ಮಿನಿಯೇಚರ್ ಗೊಂಬೆಗಳಿಗೆ ಬಣ್ಣ ಹಚ್ಚುವವರ ಪತ್ರಿಕೆಗಳು ಬೇರೆಯದೇ ಒಂದು ಲೋಕ. ಇಲ್ಲಿ ‘ವೈಟ್ ಡ್ವಾರ್ಫ್’ ಹೆಸರು ಮೊದಲು ಬರುತ್ತದೆ. ಗೇಮ್ಸ್ ವರ್ಕ್‌ಶಾಪ್ ಇದನ್ನು 1977ರಲ್ಲಿ ಶುರು ಮಾಡಿತು, ಇಯಾನ್ ಲಿವಿಂಗ್‌ಸ್ಟನ್ ಮೊದಲ ಸಂಪಾದಕರು. ಆಗ ಎಲ್ಲ ಕಂಪನಿಗಳ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆಯೂ ಬರೆಯುತ್ತಿದ್ದರು. 1980ರ ದಶಕದ ಕೊನೆಗೆ ಅದು ಸ್ವಂತ ಕಂಪನಿಯ ಆಟಗಳಿಗಷ್ಟೇ ಮೀಸಲಾಯಿತು. 2014ರಲ್ಲಿ ವಾರಪತ್ರಿಕೆಯಾಯಿತು, 2016ರಲ್ಲಿ ಮತ್ತೆ ಮಾಸಪತ್ರಿಕೆಯಾಯಿತು.

ಈ ಕಂಪನಿಯ ಗೊಂಬೆಗಳ ಯುದ್ಧದಾಟ ವಾರ್‌ಹ್ಯಾಮರ್ ಆಡುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆಡದವರು ಇದನ್ನು ತರಿಸಿಕೊಳ್ಳುವುದು ಬೇಡ. ಒಂದು ಕಂಪನಿಯ ಪತ್ರಿಕೆ ಆದ್ದರಿಂದ ಆ ಕಂಪನಿಯ ಗೊಂಬೆಗಳ ಬಗ್ಗೆ ಇದರಲ್ಲಿ ಕಟುವಾದ ವಿಮರ್ಶೆ ಸಿಗುವುದಿಲ್ಲ. ಆದರೆ ಬಣ್ಣ ಹಚ್ಚಿದ ಗೊಂಬೆಗಳ ಚಿತ್ರಗಳನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ, ಅದನ್ನು ಒಪ್ಪಲೇಬೇಕು.

ಇತಿಹಾಸದ ಯುದ್ಧಗಳು ಇಷ್ಟ ಅನ್ನುವವರು ‘ವಾರ್‌ಗೇಮ್ಸ್ ಇಲಸ್ಟ್ರೇಟೆಡ್’ ಅಥವಾ ‘ವಾರ್‌ಗೇಮ್ಸ್, ಸೋಲ್ಜರ್ಸ್ ಅಂಡ್ ಸ್ಟ್ರ್ಯಾಟಜಿ’ ಕಡೆ ನೋಡಬೇಕು. ಮೊದಲನೆಯದು 1987ರಿಂದ ಬರುತ್ತಿದೆ, ಎಷ್ಟೋ ಸಂಚಿಕೆಗಳ ಜೊತೆ ಪ್ಲಾಸ್ಟಿಕ್ ಗೊಂಬೆಗಳ ಒಂದು ಫ್ರೇಮ್ ಉಚಿತವಾಗಿ ಸಿಗುತ್ತದೆ. ಎರಡನೆಯದು ಪ್ರತಿ ಸಂಚಿಕೆಗೂ ಒಂದು ಕಾಲಘಟ್ಟವನ್ನೋ ಯುದ್ಧವನ್ನೋ ಆರಿಸಿಕೊಂಡು ಆಳಕ್ಕೆ ಇಳಿಯುತ್ತದೆ. ಓದಿಗೆ ಎರಡನೆಯದು, ಕೈಕೆಲಸಕ್ಕೆ ಮೊದಲನೆಯದು. ಗೊಂಬೆಗೆ ಎಂದೂ ಬಣ್ಣ ಹಚ್ಚದವರು ಶುರು ಮಾಡಲು ಆ ಉಚಿತ ಫ್ರೇಮ್ ಒಳ್ಳೆಯ ನೆಪ. ಕೆಟ್ಟರೂ ನಷ್ಟ ಇಲ್ಲ, ಹಾಗಾಗಿ ಕೈ ನಡುಗುವುದಿಲ್ಲ.

ಚಳಿಗಾಲದಲ್ಲಿ ಬಣ್ಣದ ಕೆಲಸ ಮಾಡುವವರು ಒಂದು ಮಾತು ನೆನಪಿಡಬೇಕು. ತಣ್ಣಗೆ, ತೇವವಾಗಿ ಇರುವ ಗಾಳಿಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೂ ಮೊದಲು ಕೊಡುವ ಲೇಪ) ಹೊಡೆದರೆ ಗೊಂಬೆಯ ಮೈ ಮರಳು ಮೆತ್ತಿದಂತೆ ಒರಟಾಗುತ್ತದೆ. ಮೇಲೆ ಹೊಡೆಯುವ ವಾರ್ನಿಶ್ ಬೆಳ್ಳಗೆ ಮಂಜು ಕಟ್ಟಬಹುದು. ಸ್ಪ್ರೇಯನ್ನು ಮನೆಯೊಳಗೆ ಹೊಡೆಯುವುದೂ ಸರಿಯಲ್ಲ, ಹೊಗೆ ಉಸಿರಿಗೆ ಹೋಗುತ್ತದೆ. ಕುಂಚದಲ್ಲೇ ಹಚ್ಚುವ ಪ್ರೈಮರ್ ತಂದಿಟ್ಟುಕೊಂಡರೆ ಹವಾಮಾನದ ಗೊಡವೆ ಇಲ್ಲದೆ ಮೇಜಿನ ಮುಂದೆಯೇ ಕೆಲಸ ನಡೆಯುತ್ತದೆ.

ಕಥೆ ಕಟ್ಟುವವರಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ರೋಲ್‌ಪ್ಲೇಯಿಂಗ್ ಆಟ ಆಡುವ ಗುಂಪು ರಜೆಯಲ್ಲಿ ಒಟ್ಟಿಗೆ ಸೇರುವುದಾದರೆ ನೀವು ಹುಡುಕಬೇಕಾದದ್ದು ಒಂದೇ ಸಂಜೆಯಲ್ಲಿ ಮುಗಿಯುವ ಸಾಹಸಕಥೆ. ಈ ವಿಷಯದಲ್ಲಿ ಹಳೆಯ ‘ಡಂಜನ್’ ಪತ್ರಿಕೆಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 1986ರಲ್ಲಿ ಶುರುವಾಗಿ, 2007ರಲ್ಲಿ 150ನೇ ಸಂಚಿಕೆಯೊಂದಿಗೆ ಅಚ್ಚು ನಿಲ್ಲಿಸಿತು. ಇದರ ಅಕ್ಕನಂತಿದ್ದ ‘ಡ್ರ್ಯಾಗನ್’ 1976ರಿಂದ ಬರುತ್ತಿತ್ತು, ಅದೂ ಅದೇ ತಿಂಗಳು 359ನೇ ಸಂಚಿಕೆಗೆ ನಿಂತಿತು. ಡ್ರ್ಯಾಗನ್ ಓದುವುದಕ್ಕೆ, ಡಂಜನ್ ಆಡಿಸುವುದಕ್ಕೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಹಳೆಯ ಪ್ರತಿಗಳನ್ನು ಹುಡುಕುವಾಗ ಗೊಂದಲ ಆಗುವುದಿಲ್ಲ.

ಹಳೆಯ ಕಥೆಯನ್ನು ಇವತ್ತಿನ ನಿಯಮಕ್ಕೆ ಹೊಂದಿಸುವುದು ಅಷ್ಟೇನೂ ಕಷ್ಟ ಅಲ್ಲ. 2000ದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೇ ಆವೃತ್ತಿ ಬರುವವರೆಗೆ ರಕ್ಷಾಕವಚದ ಅಂಕ ಕಮ್ಮಿ ಇದ್ದಷ್ಟೂ ಗಟ್ಟಿ ಅಂತ ಲೆಕ್ಕ ಇತ್ತು. ಈಗ ಅದು ತಿರುವುಮುರುವು. ಹಳೆಯ ಅಂಕವನ್ನು 20ರಿಂದ ಕಳೆದರೆ ಸುಮಾರಾಗಿ ಹೊಸದು ಸಿಗುತ್ತದೆ. ಹಳೆಯದು 5 ಇದ್ದರೆ ಹೊಸದು 15. ರಾಕ್ಷಸರ ಮಟ್ಟಿಗೆ ಅದೇ ಹೆಸರಿನ ಪ್ರಾಣಿಯನ್ನು ಹೊಸ ಪುಸ್ತಕದಿಂದ ತೆಗೆದು ಹಾಕಿಬಿಡಿ. ಈ ತೊಂದರೆಯೂ ಬೇಡ ಅಂದರೆ ಎಂಸಿಡಿಎಂ ಅನ್ನುವ ಕಂಪನಿ ಹೊರತಂದ ‘ಆರ್ಕೇಡಿಯಾ’ ಇದೆ. 2021ರಿಂದ 2023ರವರೆಗೆ ಪಿಡಿಎಫ್ ರೂಪದಲ್ಲಿ ಬಂದ ಪತ್ರಿಕೆ, ಐದನೇ ಆವೃತ್ತಿಗೆ ನೇರವಾಗಿ ಹೊಂದುತ್ತದೆ. ಸಂಚಿಕೆಗೆ ಕೆಲವೇ ಲೇಖನ, ಹಾಗಾಗಿ ಒಂದೇ ಕೂತಲ್ಲಿ ಓದಿ ಮುಗಿಸಬಹುದು.

ಒಬ್ಬರೇ ಪೆನ್ಸಿಲ್ ಹಿಡಿದು ಕೂರುವುದಾದರೆ 1977ರಲ್ಲಿ ಹುಟ್ಟಿದ ಅಮೆರಿಕದ ‘ಗೇಮ್ಸ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನೋಡಿ. 2014ರಲ್ಲಿ ಅದು ‘ವರ್ಲ್ಡ್ ಆಫ್ ಪಜಲ್ಸ್’ ಜೊತೆ ಸೇರಿಹೋಯಿತು. ಹಿಂದೆ ಅದರ ಸಂಚಿಕೆಗಳಲ್ಲಿ ನಿಜವಾದ ಜಾಹೀರಾತುಗಳ ನಡುವೆ ಒಂದು ಸುಳ್ಳು ಜಾಹೀರಾತನ್ನು ಸೇರಿಸುತ್ತಿದ್ದರು. ಅದು ಯಾವುದು ಅಂತ ಓದುಗರು ಕಂಡುಹಿಡಿಯಬೇಕು. ಹಾಗಾಗಿ ಜಾಹೀರಾತನ್ನೂ ಬಿಡದೆ ಓದುತ್ತೀರಿ.

ಕಾಗದವೋ, ಪರದೆಯೋ?

ಪತ್ರಿಕೆ ಯಾವುದು ಅಂತ ತೀರ್ಮಾನ ಆದ ಮೇಲೂ ಈ ಪ್ರಶ್ನೆ ಉಳಿಯುತ್ತದೆ. ನನ್ನ ಒಲವು ಕಾಗದದ ಕಡೆಗೆ. ರಜೆಯಲ್ಲಾದರೂ ಕಣ್ಣಿಗೆ ಪರದೆಯಿಂದ ಬಿಡುವು ಬೇಕು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಬರೀ ಅಳತೆಯದು. ಎ4 ಗಾತ್ರದ ಪುಟದ ಮೂಲೆಯಿಂದ ಮೂಲೆಗೆ 14 ಇಂಚಿಗೂ ಜಾಸ್ತಿ. 10 ಇಂಚಿನ ಟ್ಯಾಬ್ಲೆಟ್‌ನಲ್ಲಿ ಆ ಪುಟ ಮುಕ್ಕಾಲು ಪಾಲಿಗಿಂತ ಚಿಕ್ಕದಾಗುತ್ತದೆ. ಎರಡು ಪುಟಕ್ಕೆ ಹರಡಿದ ಚಿತ್ರ ಅಂತೂ ಬೆಂಕಿಪೊಟ್ಟಣದ ಚಿತ್ರದ ಹಾಗೆ ಕಾಣುತ್ತದೆ. ಫೋನಿನಲ್ಲಿ ಮೂರು ಕಾಲಂ ಇರುವ ಪುಟ ಓದುವುದು ಸುಮ್ನೆ ಕಣ್ಣಿಗೆ ಶಿಕ್ಷೆ.

ಚಿತ್ರವೇ ಮುಖ್ಯವಾದ ಸೆನೆಟ್, ವೈಟ್ ಡ್ವಾರ್ಫ್‌ಗಳನ್ನು ಕಾಗದದಲ್ಲೇ ನೋಡಬೇಕು. ವಿಮರ್ಶೆಗಳನ್ನು ಓದಿ ಮುಂದೆ ಹೋಗುವ ಟೇಬಲ್‌ಟಾಪ್ ಗೇಮಿಂಗ್ ಟ್ಯಾಬ್ಲೆಟ್‌ನಲ್ಲೂ ನಡೆಯುತ್ತದೆ. ಸಾಹಸಕಥೆಗಳಿಗೆ ಪಿಡಿಎಫ್ ನಿಜಕ್ಕೂ ವಾಸಿ, ಯಾಕೆಂದರೆ ನಕ್ಷೆಯ ಪುಟವನ್ನಷ್ಟೇ ಅಚ್ಚು ಹಾಕಿಕೊಂಡು ಆಟಗಾರರ ಮುಂದೆ ಇಡಬಹುದು. ಮನೆಯಲ್ಲಿ ಪ್ರಿಂಟರ್ ಇಲ್ಲದಿದ್ದರೆ ರಜೆ ಶುರುವಾಗುವ ಮುಂಚೆಯೇ ಆ ಪುಟಗಳನ್ನು ಹೊರಗೆ ಅಚ್ಚು ಹಾಕಿಸಿ ಇಟ್ಟುಕೊಳ್ಳಿ. ನೀವು ಸದಸ್ಯರಾಗಿರುವ ಗ್ರಂಥಾಲಯಕ್ಕೆ ಡಿಜಿಟಲ್ ಪತ್ರಿಕೆಗಳ ಸೇವೆ ಇದ್ದರೆ ಮೊದಲು ಅಲ್ಲಿ ಹುಡುಕುವುದು ಜಾಣತನ. ಚಂದಾ ಕಟ್ಟುವ ಮುಂಚೆ ಒಂದೆರಡು ಸಂಚಿಕೆ ಓದಿ ನೋಡಿದ ಹಾಗಾಯಿತು.

ಹಳೆಯ ಸಂಚಿಕೆ ತಗೊಳ್ಳಬಹುದಾ?

ಬೇರೆ ದೇಶದಿಂದ ಬರುವ ಪತ್ರಿಕೆ ಡಿಸೆಂಬರಿನ ಅಂಚೆಯಲ್ಲಿ ತಡವಾಗುವುದು ಸಾಮಾನ್ಯ. ನವೆಂಬರಿನಲ್ಲೇ ಹೇಳಿಬಿಟ್ಟರೆ ಒಳ್ಳೆಯದು. ತಡವಾಗಿದ್ದರೆ ಹತ್ತಿರದಲ್ಲಿ ಸಿಗುವ ಹಳೆಯ ಸಂಚಿಕೆ ಯಾಕಾಗಬಾರದು? ಆದರೆ ಎಲ್ಲ ಪತ್ರಿಕೆಗಳೂ ಒಂದೇ ಥರ ಹಳತಾಗುವುದಿಲ್ಲ. ಸೆನೆಟ್‌ನ ನಾಲ್ಕು ವರ್ಷ ಹಿಂದಿನ ಸಂಚಿಕೆಯನ್ನು ಇವತ್ತು ಓದಿದರೂ ಏನೂ ಕಳೆದುಕೊಳ್ಳುವುದಿಲ್ಲ. ಕಲಾವಿದರ ಜೊತೆಗಿನ ಮಾತುಕತೆಗೆ ವಯಸ್ಸಾಗುವುದಿಲ್ಲ. ಸ್ಟ್ರ್ಯಾಟಜಿ ಅಂಡ್ ಟ್ಯಾಕ್ಟಿಕ್ಸ್ ಕೂಡ ಹಾಗೇ, ಕಾಯಿಗಳೆಲ್ಲ ಇವೆಯಾ ಅಂತ ನೋಡಿಕೊಂಡರೆ ಸಾಕು. ಟೇಬಲ್‌ಟಾಪ್ ಗೇಮಿಂಗ್‌ನ ಹಳೆಯ ವಿಮರ್ಶೆ ಓದಿ ಆಸೆ ಹುಟ್ಟಿದರೆ ಆ ಆಟ ಅಂಗಡಿಯಲ್ಲಿ ಮುಗಿದಿರಬಹುದು.

ಎಲ್ಲಕ್ಕಿಂತ ಬೇಗ ಹಳತಾಗುವುದು ವೈಟ್ ಡ್ವಾರ್ಫ್‌ನಲ್ಲಿ ಬರುವ ನಿಯಮಗಳು. ವಾರ್‌ಹ್ಯಾಮರ್ 40,000ದ ಹತ್ತನೇ ಆವೃತ್ತಿ 2023ರ ಜೂನ್‌ನಲ್ಲಿ ಬಂತು. ಅದಕ್ಕೂ ಹಿಂದಿನ ಸಂಚಿಕೆಗಳ ನಿಯಮ ಆಮೇಲಿನ ಆಟಕ್ಕೆ ಹೊಂದುವುದಿಲ್ಲ. ಬಣ್ಣ ಹಚ್ಚುವ ಪಾಠ, ಚಿತ್ರ, ಕಥೆ ಇವುಗಳಿಗೆ ತೊಂದರೆ ಇಲ್ಲ. ಆಡುವುದಕ್ಕೆ ಬೇಕಾದರೆ ಹೊಸದು, ನೋಡುವುದಕ್ಕೆ ಬೇಕಾದರೆ ಯಾವುದಾದರೂ ಸರಿ.

ಉಡುಗೊರೆ ಕೊಡುವವರಿಗೆ ಒಂದು ಮಾತು. ಅವರು ಯಾವ ಆಟ ಆಡುತ್ತಾರೆ ಅಂತ ಸರಿಯಾಗಿ ಗೊತ್ತಿಲ್ಲದೇ ಇದ್ದರೆ ಒಂದೇ ಆಟಕ್ಕೆ ಮೀಸಲಾದ ಪತ್ರಿಕೆ ಬೇಡ, ಎಕ್ಸ್‌ಪಾನ್ಶನ್ ಇರುವುದೂ ಬೇಡ. ಸೆನೆಟ್‌ನ ಒಂದು ಬಿಡಿ ಸಂಚಿಕೆ ಕೊಡಿ. ಚಂದಾ ಕೊಡುವ ಆಲೋಚನೆ ಇದ್ದರೂ ಈ ರಜೆಗೆ ಬಿಡಿ ಸಂಚಿಕೆಯೇ ಸಾಕು. ಅವರು ಅದನ್ನು ಓದಿ ಮುಗಿಸಿದರಾ ಅಂತ ಜನವರಿಯಲ್ಲಿ ಕೇಳಿ, ಚಂದಾ ವಿಷಯ ಆಮೇಲೆ ನೋಡಿದರಾಯಿತು.